ಒಮ್ಮೆ ಹಾರಿದ್ದು ಮತ್ತೆ ಹಾರಬೇಕಾದರೆ

ಚಿತ್ರದುರ್ಗ ಜಿಲ್ಲೆಯ ಈಶಾನ್ಯ ಭಾಗದಲ್ಲಿರುವ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಮಳೆಗೆ ಹೆಸರಾದ ಸೀಮೆಗಳಲ್ಲ. ಕುರುಚಲು ಗಿಡ, ಬಂಡೆಗಲ್ಲಿನ ಗುಡ್ಡ, ಅವುಗಳ ನಡುವೆ ಕಣ್ಣು ಹಾಯುವಷ್ಟು ದೂರ ಹಬ್ಬಿದ ಹುಲ್ಲುಗಾವಲು, ಇದು ಅಲ್ಲಿಯ ಸಾಮಾನ್ಯ ನೋಟ. ಚಳ್ಳಕೆರೆಯೆಂದೊಡನೆ ಕಡಲೆಕಾಯಿ ಎಣ್ಣೆಯ ಗಿರಣಿಗಳೂ ಕುರಿಯುಣ್ಣೆಯ ಕಂಬಳಿಗಳೂ, ಮೊಳಕಾಲ್ಮೂರೆಂದೊಡನೆ ರೇಷ್ಮೆಯ ಸೀರೆಗಳೂ ನಮ್ಮ ನೆನಪಿಗೆ ಬರುತ್ತವೆ. ಈ ನೆಲಕ್ಕೂ ಅಂತರಿಕ್ಷಕ್ಕೂ ಏನು ಸಂಬಂಧವೆಂದು ಮೂವತ್ತು ವರ್ಷಗಳ ಹಿಂದೆ ಯಾರಾದರೂ ಕೇಳಿದ್ದರೆ ಉತ್ತರ ದೊರೆಯುತ್ತಿರಲಿಲ್ಲ.

ಇಂದು ಉತ್ತರವುಂಟು. ಚಂದ್ರನ ಮೇಲೆ ಇಳಿಯಬೇಕಾದ ನೌಕೆಯ ಸಂವೇದಕಗಳನ್ನು ಪರೀಕ್ಷಿಸುವುದಕ್ಕಾಗಿ 2016ರಲ್ಲಿ ಚಳ್ಳಕೆರೆಯ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಕುಳಿಗಳನ್ನು ಹೋಲುವ ಕುಳಿಗಳನ್ನು ತೋಡಲಾಯಿತು. ಮರುವರ್ಷ, ಎಂದರೆ 2017ರ ಮೇ 28ರಂದು, ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ವೈಮಾನಿಕ ಪರೀಕ್ಷಾ ಕ್ಷೇತ್ರವು ಇಲ್ಲಿ ಉದ್ಘಾಟನೆಗೊಂಡಿತು. ಈ ಕ್ಷೇತ್ರದ ಓಡುದಾರಿಯ ಮೇಲೆಯೇ ನಮ್ಮ ದೇಶದ ಅಂತರಿಕ್ಷ ವಿಜ್ಞಾನದಲ್ಲಿ ಒಂದು ಹೊಸ ಅಧ್ಯಾಯ ತೆರೆಯಿತು.

2023ರ ಏಪ್ರಿಲ್ 2ರ ಬೆಳಿಗ್ಗೆ 7 ಗಂಟೆ 10 ನಿಮಿಷಕ್ಕೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರೊಂದು ರೆಕ್ಕೆಗಳುಳ್ಳ ಒಂದು ವಾಹನವನ್ನು ತನ್ನ ಹೊಟ್ಟೆಯ ಕೆಳಗೆ ತೂಗುಹಾಕಿಕೊಂಡು ಮೇಲೇರಿತು. ನಾಲ್ಕೂವರೆ ಕಿಲೋಮೀಟರು ಎತ್ತರದಲ್ಲಿ ಅದನ್ನು ಕೈಬಿಟ್ಟಿತು. ಚಾಲಕನಿಲ್ಲದ, ಎಂಜಿನ್ನಿನ ನೆರವೂ ಇಲ್ಲದ ಆ ವಾಹನ ತನ್ನ ದಾರಿಯನ್ನು ತಾನೇ ಲೆಕ್ಕಹಾಕಿಕೊಂಡು ಬಂದು 7 ಗಂಟೆ 40 ನಿಮಿಷಕ್ಕೆ ಓಡುದಾರಿಯ ಮೇಲೆ ಇಳಿದು ನಿಂತಿತು. 2024ರ ಮಾರ್ಚ್ 22ರಂದು ಎರಡನೆಯ ಸಲವೂ ಜೂನ್ 23ರಂದು ಮೂರನೆಯ ಸಲವೂ ಇದೇ ಪರೀಕ್ಷೆ ನಡೆಯಿತು. ಈ ಎರಡರಲ್ಲಿ ವಾಹನವನ್ನು ಓಡುದಾರಿಯ ನೇರದಿಂದ ಬೇಕೆಂದೇ ಪಕ್ಕಕ್ಕೆ ಸರಿಸಿ ಬಿಡಲಾಗಿತ್ತು. ಒಮ್ಮೆ 150 ಮೀಟರು, ಮತ್ತೊಮ್ಮೆ 500 ಮೀಟರು. ಎರಡು ಸಲವೂ ಅದು ತಪ್ಪನ್ನು ತಾನೇ ತಿದ್ದಿಕೊಂಡು ಓಡುದಾರಿಯ ನಡುಗೆರೆಗೆ ಬಂದು ಇಳಿಯಿತು. ಇದೇ ಭಾರತೀಯ ಅಂತರಿಕ್ಷ ಸಂಶೋಧನಾ ಸಂಸ್ಥೆ, ಅಂದರೆ ಇಸ್ರೋ, ನಿರ್ಮಿಸಿರುವ ‘ಪುಷ್ಪಕ’.

ಪತ್ರಿಕೆಗಳು ಈ ಇಳಿತಗಳ ಸೊಬಗನ್ನು ಬಣ್ಣಿಸಿದವು. ಆದರೆ ಎಂಜಿನಿಯರನ ಕಣ್ಣಿಗೆ ಇದಕ್ಕಿಂತಲೂ ಮುಖ್ಯವಾದ ಸಂಗತಿಯೊಂದಿದೆ. ಎರಡನೆಯ ಪರೀಕ್ಷೆಯಲ್ಲಿ ಇಳಿದುದು ಮೊದಲನೆಯ ಪರೀಕ್ಷೆಯ ಒಡಲೇ. ಮೂರನೆಯದರಲ್ಲಿ ಇಳಿದುದು ಎರಡನೆಯದರ ಒಡಲೇ, ಅದೂ ಯಾವ ಮಾರ್ಪಾಡೂ ಇಲ್ಲದೆ. ಒಂದೇ ಯಂತ್ರ ಮೂರು ಸಲ ಹಾರಿತು. ಬಸ್ಸಿನ ವಿಷಯದಲ್ಲಿ ಇದನ್ನು ಯಾರೂ ಸುದ್ದಿಯೆಂದು ಎಣಿಸುವುದಿಲ್ಲ. ಅಂತರಿಕ್ಷ ಯಂತ್ರಗಳ ವಿಷಯದಲ್ಲಿ ಮಾತ್ರ ಇದು ಬಹು ದೊಡ್ಡ ಸುದ್ದಿ. ಏಕೆಂಬುದನ್ನು ವಿಚಾರಮಾಡೋಣ.

ಬಿಟ್ಟ ಬಾಣ

ರಾಕೆಟ್ಟನ್ನು ನಮ್ಮ ಹಿರಿಯರು ಬಾಣವೆಂದು ಕರೆದುದು ಸಾರ್ಥಕವಾಗಿದೆ. ಬಿಟ್ಟ ಬಾಣ ಬತ್ತಳಿಕೆಗೆ ಮರಳುವುದಿಲ್ಲ. ಅಂತರಿಕ್ಷ ಯುಗದ ಮೊದಲ ದಶಕಗಳ ರಾಕೆಟ್ಟುಗಳೆಲ್ಲವೂ ಹೀಗೆಯೇ ಇದ್ದವು. ಉಪಗ್ರಹವನ್ನು ಕಕ್ಷೆಗೆ ಸೇರಿಸಿದ ಮೇಲೆ ಅವುಗಳ ಹಂತಗಳು ಕಡಲಿಗೆ ಬೀಳುತ್ತಿದ್ದವು, ಇಲ್ಲವೆ ವಾಯುಮಂಡಲದಲ್ಲಿ ಉರಿದುಹೋಗುತ್ತಿದ್ದವು.

ಇಂತಹ ಯಂತ್ರದ ಪ್ರತಿಯೊಂದು ಬಿಡಿಭಾಗವೂ ಕೆಲವೇ ನಿಮಿಷಗಳ ಕಾಲ ಕೆಲಸಮಾಡಬೇಕು; ಆದರೆ ಆ ನಿಮಿಷಗಳಲ್ಲಿ ಒಂದು ಸಲವೂ ತಪ್ಪಬಾರದು. ದುರಸ್ತಿಗೆ ಅವಕಾಶವಿಲ್ಲ. ಆದುದರಿಂದ ಎಂಜಿನಿಯರು ತನ್ನನ್ನು ತಾನು ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಒಂದೇ: ‘ಇದು ಈ ಒಂದು ಸಲ ಕೆಡದೆ ಕೆಲಸಮಾಡೀತೇ?’ ಈ ಪ್ರಶ್ನೆಗೆ ಹೌದೆನ್ನಿಸುವುದಕ್ಕಾಗಿ ಅತ್ಯುತ್ತಮ ಲೋಹ, ಅತ್ಯಂತ ನಿಪುಣನಾದ ಕುಶಲಕರ್ಮಿ, ತಿಂಗಳುಗಟ್ಟಲೆ ಪರೀಕ್ಷೆ ಇವೆಲ್ಲವೂ ಬೇಕಾಗುತ್ತಿದ್ದವು. ನಮ್ಮ ಮೊದಲನೆಯ ಉಪಗ್ರಹವಾದ ಆರ್ಯಭಟವು ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಹೀಗೆಯೇ ರೂಪುಗೊಂಡು, 1975ರ ಏಪ್ರಿಲ್ 19ರಂದು ಕಕ್ಷೆಗೆ ಏರಿತು. ದೇಶದ ಗೌರವ ಪಣಕ್ಕಿದ್ದ ಆ ದಿನಗಳಲ್ಲಿ ಬೆಲೆಯ ಪ್ರಶ್ನೆ ಎರಡನೆಯದು.

ಅಂತರಿಕ್ಷಯಾನವು ವ್ಯಾಪಾರದ ವಸ್ತುವಾದ ಮೇಲೆ ಸ್ಥಿತಿ ಬದಲಾಯಿತು. ದೂರದರ್ಶನ, ದೂರವಾಣಿ, ಅಂತರಜಾಲ, ಬೆಳೆಗಳ ಸಮೀಕ್ಷೆ ಇವೇ ಮೊದಲಾದುವುಗಳಿಗೆ ಉಪಗ್ರಹಗಳನ್ನು ಕಳುಹಿಸುವ ಖಾಸಗಿ ಸಂಸ್ಥೆಗಳು ಹುಟ್ಟಿಕೊಂಡವು. ಅವರಿಗೆ ಒಂದು ಉಪಗ್ರಹವಲ್ಲ, ನೂರಾರು ಉಪಗ್ರಹಗಳು ಬೇಕು. ಒಂದು ಉಡ್ಡಯನವಲ್ಲ, ವಾರವಾರವೂ ಉಡ್ಡಯನ ಬೇಕು. ಆಗ ಎಂಜಿನಿಯರನ ಹಳೆಯ ಪ್ರಶ್ನೆಯ ಜೊತೆಗೆ ಮೂರು ಹೊಸ ಪ್ರಶ್ನೆಗಳು ಸೇರಿಕೊಂಡವು: ‘ಇದನ್ನು ಎಷ್ಟು ಸಲ ಬಳಸಬಹುದು? ಇಂತಹದೇ ಮತ್ತೊಂದನ್ನು ಎಷ್ಟು ಬೇಗ ಮಾಡಬಹುದು? ಎಷ್ಟು ಅಗ್ಗವಾಗಿ ಮಾಡಬಹುದು?’

ಅಮೆರಿಕದ ಸ್ಪೇಸ್‌ಎಕ್ಸ್ ಎಂಬ ಖಾಸಗಿ ಸಂಸ್ಥೆ 2015ರ ಡಿಸೆಂಬರಿನಲ್ಲಿ ತನ್ನ ಫಾಲ್ಕನ್ 9 ರಾಕೆಟ್ಟಿನ ಮೊದಲನೆಯ ಹಂತವನ್ನು ನೆಲಕ್ಕೆ ನೆಟ್ಟಗೆ ಇಳಿಸಿತು. 2017ರ ಮಾರ್ಚ್ 30ರಂದು, ಹಿಂದೆ ಹಾರಿ ಮರಳಿದ್ದ ಒಂದು ಹಂತವನ್ನು ಮತ್ತೆ ಹಾರಿಸಿತು. 2025ರ ವೇಳೆಗೆ ಒಂದೇ ಹಂತವು 30 ಸಲಕ್ಕೂ ಹೆಚ್ಚು ಹಾರಿ ಮರಳಿದ ದಾಖಲೆ ಉಂಟಾಯಿತು. ಬಾಣವು ಬತ್ತಳಿಕೆಗೆ ಮರಳತೊಡಗಿತು.

ಮರುಬಳಕೆಯ ಲೆಕ್ಕ

ಮರಳಿದ ಮಾತ್ರಕ್ಕೆ ಲಾಭವಾಯಿತೆಂದು ಮಾತ್ರ ತಿಳಿಯಬಾರದು. ಒಂದು ಸರಳವಾದ ಲೆಕ್ಕ ಮಾಡಿ ನೋಡೋಣ. ಒಂದು ವಾಹನದ ಬೆಲೆ 100 ರೂಪಾಯಿ ಎಂದಿಟ್ಟುಕೊಳ್ಳಿ. ಅದನ್ನು 10 ಸಲ ಹಾರಿಸಿದರೆ ಒಂದು ಹಾರಾಟದ ಪಾಲಿಗೆ ಬರುವುದು 10 ರೂಪಾಯಿ. ಆದರೆ ಪ್ರತಿಯೊಂದು ಹಾರಾಟದ ಬಳಿಕ ಬಿಚ್ಚಿ, ಪರೀಕ್ಷಿಸಿ, ಮತ್ತೆ ಜೋಡಿಸುವುದಕ್ಕೆ 90 ರೂಪಾಯಿ ತಗುಲಿದರೆ ಒಟ್ಟು 100 ರೂಪಾಯಿಯೇ ಆಯಿತು. ಇಷ್ಟೆಲ್ಲ ಶ್ರಮಪಟ್ಟು ಗಳಿಸಿದ್ದೇನು? ಇದರ ಮೇಲೆ, ಮರಳಿ ಬರುವುದಕ್ಕೆ ಬೇಕಾದ ರೆಕ್ಕೆ, ಗಾಲಿ, ಶಾಖನಿರೋಧಕ ಹೆಂಚು ಇವುಗಳ ಭಾರದಿಂದಾಗಿ, ಹೊತ್ತೊಯ್ಯಬಹುದಾದ ಸರಕಿನ ತೂಕವೂ ಕಡಮೆಯಾಗುತ್ತದೆ.

ಅಮೆರಿಕದ ಸ್ಪೇಸ್ ಷಟಲ್ ವಾಹನಗಳು ಇದಕ್ಕೆ ನಿದರ್ಶನ. 1981ರಿಂದ 2011ರವರೆಗೆ ಅವು 135 ಸಲ ಹಾರಿದವು. ಒಂದೊಂದು ವಾಹನದ ಮೈಗೂ ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ಶಾಖನಿರೋಧಕ ಹೆಂಚುಗಳು. ಒಂದೊಂದಕ್ಕೂ ಅದರದೇ ಆಕಾರ, ಅದರದೇ ಜಾಗ. ಹಾರಾಟದ ಬಳಿಕ ಇವನ್ನೆಲ್ಲ ಪರಿಶೀಲಿಸಬೇಕಾಗುತ್ತಿತ್ತು. ವಾಹನ ಮರಳುತ್ತಿತ್ತು, ವೆಚ್ಚ ಮಾತ್ರ ಇಳಿಯಲಿಲ್ಲ. ಈ ಅನುಭವದಿಂದ ಎಂಜಿನಿಯರುಗಳು ಕಲಿತ ಪಾಠವೇನೆಂದರೆ, ಮರುಬಳಕೆ ಎಂಬುದು ಇಡೀ ವಾಹನದ ಗುಣವಲ್ಲ, ಅದರ ಒಂದೊಂದು ಬಿಡಿಭಾಗದ ಗುಣ. ಸಾವಿರ ಭಾಗಗಳು ಬಾಳಿಕೆ ಬಂದು ಒಂದು ಭಾಗ ಬಾರದಿದ್ದರೆ, ಆ ಒಂದಕ್ಕಾಗಿ ಇಡೀ ಯಂತ್ರವನ್ನು ಬಿಚ್ಚಬೇಕಾಗುತ್ತದೆ.

ನೆಲ ಮುಟ್ಟುವ ಕ್ಷಣ

ಈಗ ಚಳ್ಳಕೆರೆಯ ಓಡುದಾರಿಗೆ ಮರಳೋಣ. ಪುಷ್ಪಕವು ನೆಲ ಮುಟ್ಟಿದಾಗ ಅದರ ವೇಗ ಗಂಟೆಗೆ 320 ಕಿಲೋಮೀಟರಿಗಿಂತ ಹೆಚ್ಚು. ಪ್ರಯಾಣಿಕರ ವಿಮಾನ ಇಳಿಯುವಾಗಿನ ವೇಗ ಸುಮಾರು 260, ಯುದ್ಧವಿಮಾನದ್ದು ಸುಮಾರು 280. ಪುಷ್ಪಕಕ್ಕೆ ಇಷ್ಟು ಅವಸರವೇಕೆ?

ಶಬ್ದದ ವೇಗದ ಹಲವು ಪಟ್ಟು ವೇಗದಲ್ಲಿ ವಾಯುಮಂಡಲವನ್ನು ಹೊಗುವ ವಾಹನಕ್ಕೆ ಅಗಲವಾದ, ತೆಳುವಾದ ರೆಕ್ಕೆ ಸಲ್ಲದು. ಅದು ಸುಟ್ಟುಹೋಗುತ್ತದೆ ಅಥವಾ ಮುರಿಯುತ್ತದೆ. ಅದಕ್ಕೆ ಗಿಡ್ಡವಾದ, ಮೊಂಡಾದ ರೆಕ್ಕೆಯೇ ತಕ್ಕದ್ದು. ಆದರೆ ಗಿಡ್ಡ ರೆಕ್ಕೆ ಗಾಳಿಯಲ್ಲಿ ಹೆಚ್ಚಾಗಿ ಎತ್ತಿಹಿಡಿಯಲಾರದು. ಎತ್ತುವ ಬಲ ಕಡಮೆಯಾದ ಮೇಲೆ ವೇಗದಿಂದಲೇ ಆ ಕೊರತೆಯನ್ನು ತುಂಬಿಕೊಳ್ಳಬೇಕು. ಪ್ರಯಾಣಿಕರ ವಿಮಾನವು ಸಾಮಾನ್ಯವಾಗಿ 3 ಡಿಗ್ರಿಯ ಇಳಿಜಾರಿನಲ್ಲಿ ಓಡುದಾರಿಯ ಕಡೆಗೆ ಬರುತ್ತದೆ. ಅದೇ ಇಳಿಜಾರಿನಲ್ಲಿ ನಾಲ್ಕೂವರೆ ಕಿಲೋಮೀಟರು ಎತ್ತರದಿಂದ ಇಳಿಯಬೇಕಾದರೆ ಸುಮಾರು 85 ಕಿಲೋಮೀಟರು ದೂರದಿಂದಲೇ ಇಳಿಯತೊಡಗಬೇಕು. ಪುಷ್ಪಕವನ್ನು ಬಿಟ್ಟುದು ಓಡುದಾರಿಯಿಂದ ಕೇವಲ ನಾಲ್ಕೂವರೆ ಕಿಲೋಮೀಟರು ದೂರದಲ್ಲಿ. ಅದರ ಇಳಿತವು ಎಷ್ಟು ಕಡಿದಾದುದೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಭೌತವಿಜ್ಞಾನದಲ್ಲಿ ಓದಿರುವರಷ್ಟೆ. 320ನ್ನು 260ರಿಂದ ಭಾಗಿಸಿ, ಬಂದುದನ್ನು ವರ್ಗಮಾಡಿದರೆ ಸುಮಾರು ಒಂದೂವರೆ ಬರುತ್ತದೆ. ಎಂದರೆ ತೂಕದ ಒಂದೊಂದು ಕಿಲೋಗ್ರಾಮಿನ ಪಾಲಿಗೆ, ಪುಷ್ಪಕದ ಗಾಲಿ ಮತ್ತು ಬ್ರೇಕುಗಳು ಎದುರಿಸಬೇಕಾದ ಶಕ್ತಿ ಪ್ರಯಾಣಿಕರ ವಿಮಾನದ ಒಂದೂವರೆ ಪಟ್ಟು. ಇದನ್ನು ಬ್ರೇಕುಗಳಿಗೇ ಬಿಟ್ಟರೆ ಅವು ಕಾದು ಕೆಟ್ಟುಹೋಗಬಹುದು. ಆದುದರಿಂದ ನೆಲ ಮುಟ್ಟಿದ ಬಳಿಕ ಬಾಲದಿಂದ ಒಂದು ಪ್ಯಾರಾಶೂಟು ಬಿಚ್ಚಿಕೊಂಡು ವೇಗವನ್ನು ಗಂಟೆಗೆ ಸುಮಾರು 100 ಕಿಲೋಮೀಟರಿಗೆ ಇಳಿಸುತ್ತದೆ. ಮತ್ತೆ ವರ್ಗದ ಲೆಕ್ಕ ಹಾಕಿ: 320ರಿಂದ 100ಕ್ಕೆ ಇಳಿದರೆ ಉಳಿಯುವ ಶಕ್ತಿ ಹತ್ತನೆಯ ಒಂದು ಪಾಲು ಮಾತ್ರ. ಹತ್ತರಲ್ಲಿ ಒಂಬತ್ತು ಪಾಲನ್ನು ಪ್ಯಾರಾಶೂಟೂ ಗಾಳಿಯ ತಡೆಯೂ ಹೀರಿಕೊಂಡ ಮೇಲೆ ಬ್ರೇಕುಗಳಿಗೆ ಉಳಿಯುವುದು ಹಗುರವಾದ ಕೆಲಸ. ದುಬಾರಿಯಾದ ಭಾಗದ ಬಾಳಿಕೆಯನ್ನು ಹೆಚ್ಚಿಸಲು ಅದರ ಹೊರೆಯನ್ನು ಅಗ್ಗವಾದ ಬಟ್ಟೆಯ ಕೊಡೆಗೆ ವರ್ಗಾಯಿಸುವ ಈ ಉಪಾಯ ಮರುಬಳಕೆಯ ಎಂಜಿನಿಯರಿಂಗಿಗೆ ಒಳ್ಳೆಯ ಮಾದರಿ.

ಲೋಹವೂ ದಣಿಯುತ್ತದೆ

ಒಂದು ಕಬ್ಬಿಣದ ತಂತಿಯನ್ನು ಒಮ್ಮೆ ಬಗ್ಗಿಸಿದರೆ ಅದು ಮುರಿಯುವುದಿಲ್ಲ. ಅದೇ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಹಲವು ಸಲ ಬಗ್ಗಿಸಿದರೆ, ಹೆಚ್ಚಿನ ಬಲವಿಲ್ಲದೆಯೇ ಮುರಿಯುತ್ತದೆ. ಇದಕ್ಕೆ ಲೋಹದ ದಣಿವು ಎಂದು ಹೆಸರು. ಲೋಹದ ಒಳಗೆ ಕಣ್ಣಿಗೆ ಕಾಣದ ಒಂದು ಬಿರುಕು ಹುಟ್ಟಿ, ಪ್ರತಿಯೊಂದು ಹೊರೆಯ ಸರದಿಗೂ ಕೂದಲೆಳೆಯಷ್ಟು ಬೆಳೆದು, ಕೊನೆಗೊಂದು ದಿನ ಹಠಾತ್ತನೆ ಸೀಳಿಬಿಡುತ್ತದೆ. ಕಾಮೆಟ್ ಎಂಬ ಬ್ರಿಟಿಷ್ ಜೆಟ್ ವಿಮಾನಗಳು 1954ರಲ್ಲಿ ಆಕಾಶದಲ್ಲಿಯೇ ಒಡೆದು ಅನೇಕರು ಪ್ರಾಣ ಕಳೆದುಕೊಂಡುದು ಈ ದಣಿವಿನಿಂದಲೇ.

ಒಮ್ಮೆ ಮಾತ್ರ ಹಾರುವ ರಾಕೆಟ್ಟಿಗೆ ಈ ಚಿಂತೆ ಅಷ್ಟಾಗಿ ಇರಲಿಲ್ಲ. ಮತ್ತೆ ಹಾರಬೇಕಾದ ವಾಹನಕ್ಕೆ ಇದೇ ಮುಖ್ಯ ಚಿಂತೆ. ಅದರ ಎಂಜಿನ್ನು ಕೆಲವು ಸೆಕೆಂಡುಗಳಲ್ಲಿ ತಣ್ಣನೆಯ ಸ್ಥಿತಿಯಿಂದ ಸಾವಿರಾರು ಡಿಗ್ರಿ ಉಷ್ಣತೆಗೆ ಏರಿ ಮತ್ತೆ ಆರುತ್ತದೆ. ಹಿಗ್ಗಿ ಕುಗ್ಗುವ ಲೋಹ ದಣಿಯುತ್ತದೆ. ನೆಲಕ್ಕೆ ಬಡಿಯುವ ಗಾಲಿಯ ಕಂಬ ದಣಿಯುತ್ತದೆ. ಆದುದರಿಂದ ಹಾರಾಟ ಮುಗಿದ ಮೇಲೆ ಎಂಜಿನಿಯರು ವೈದ್ಯನಾಗಬೇಕಾಗುತ್ತದೆ. ಎಕ್ಸ್-ಕಿರಣಗಳಿಂದ ಒಳಗನ್ನು ನೋಡುವುದು, ಶ್ರವಣಾತೀತ ಶಬ್ದವನ್ನು ಹಾಯಿಸಿ ಬಿರುಕಿನಿಂದ ಮರಳುವ ಪ್ರತಿಧ್ವನಿಯನ್ನು ಅಳೆಯುವುದು, ಬಣ್ಣದ ದ್ರವವನ್ನು ಹಚ್ಚಿ ಒರೆಸಿ ಬಿರುಕಿನಲ್ಲಿ ಉಳಿದ ಬಣ್ಣವನ್ನು ಹುಡುಕುವುದು, ಇವು ಆತನ ವಿಧಾನಗಳು.

ಪುಷ್ಪಕದ ವಿಷಯದಲ್ಲಿಯೂ ಹೀಗೆಯೇ ಆಯಿತು. ಮೊದಲನೆಯ ಇಳಿತದಲ್ಲಿ ಅಳೆದು ತಿಳಿದ ಸಂಗತಿಗಳ ಆಧಾರದ ಮೇಲೆ, ಎರಡನೆಯ ಇಳಿತಕ್ಕೆ ಮುನ್ನ ಅದರ ಒಡಲಿನ ಚೌಕಟ್ಟನ್ನೂ ಗಾಲಿಗಳ ಕಂಬಗಳನ್ನೂ ಇನ್ನಷ್ಟು ಗಟ್ಟಿಗೊಳಿಸಲಾಯಿತು. ಮೂರನೆಯ ಸಲ ಯಾವ ಮಾರ್ಪಾಡೂ ಬೇಕಾಗಲಿಲ್ಲ. ಕಡಲಿಗೆ ಬಿದ್ದ ರಾಕೆಟ್ಟು ತನ್ನ ನೋವನ್ನು ಹೇಳುವುದಿಲ್ಲ. ಮರಳಿ ಬಂದುದು ತನ್ನ ಗಾಯಗಳನ್ನು ತೋರಿಸುತ್ತದೆ. ಮರುಬಳಕೆಯಿಂದ ಹಣವಷ್ಟೇ ಅಲ್ಲ, ತಿಳಿವಳಿಕೆಯೂ ಉಳಿಯುತ್ತದೆ.

ಫಾಲ್ಕನ್ 9ರ ಜಾಲರಿ ರೆಕ್ಕೆಗಳ ಕಥೆಯೂ ಇಂತಹದೇ. ಇಳಿಯುವಾಗ ದಿಕ್ಕನ್ನು ತಿದ್ದುವ ಈ ರೆಕ್ಕೆಗಳನ್ನು ಮೊದಲು ಅಲ್ಯೂಮಿನಿಯಮಿನಿಂದ ಮಾಡಿ, ಶಾಖವನ್ನು ತಡೆಯುವ ಲೇಪವನ್ನು ಬಳಿಯುತ್ತಿದ್ದರು. ವೇಗದ ಇಳಿತಗಳಲ್ಲಿ ಅವು ಸುಟ್ಟು ಸವೆಯುತ್ತಿದ್ದವು. 2017ರಲ್ಲಿ ಅವುಗಳ ಬದಲು ಟೈಟೇನಿಯಮಿನ ರೆಕ್ಕೆಗಳು ಬಂದವು. ಟೈಟೇನಿಯಮು ಭಾರ, ದುಬಾರಿ. ಒಂದೇ ಸಲದ ಬಳಕೆಗಾದರೆ ಅದನ್ನು ಆರಿಸುವುದು ದಡ್ಡತನ. ಹತ್ತಾರು ಸಲದ ಬಳಕೆಗೆ ಅದೇ ಅಗ್ಗ. ಪ್ರಶ್ನೆ ಬದಲಾದೊಡನೆ ಸರಿಯಾದ ಲೋಹವೂ ಬದಲಾಯಿತು.

ಹದಿನಾಲ್ಕು ತುಂಡು ಒಂದಾದ ಬಗೆ

ಮರುಬಳಕೆ ಒಂದು ದಾರಿ. ಮರಳಿ ಬಾರದ ಭಾಗಗಳನ್ನು ಬೇಗನೆ, ಅಗ್ಗವಾಗಿ ಮಾಡುವುದು ಇನ್ನೊಂದು ದಾರಿ. ಇದಕ್ಕೂ ಕರ್ನಾಟಕದಲ್ಲಿಯೇ ಒಳ್ಳೆಯ ನಿದರ್ಶನವಿದೆ.

ನಮ್ಮ ಪಿಎಸ್ಎಲ್‌ವಿ ರಾಕೆಟ್ಟಿನ ನಾಲ್ಕನೆಯ ಹಂತದಲ್ಲಿ ಪಿಎಸ್4 ಎಂಬ ಸಣ್ಣ ಎಂಜಿನ್ನು ಇರುತ್ತದೆ. ಹಿಂದಿನ ಕ್ರಮದಲ್ಲಿ ಇದಕ್ಕಾಗಿ ಕಾಯಿಸಿ ಬಡಿದ ಲೋಹದ ಗಟ್ಟಿಗಳನ್ನೂ ತಗಡುಗಳನ್ನೂ ತಂದು, ಬೇಡದ ಭಾಗವನ್ನು ಕೊರೆದು ತೆಗೆದು, 14 ತುಂಡುಗಳನ್ನು ಮಾಡಿ, ಅವನ್ನು 19 ಕಡೆ ಬೆಸೆಯಬೇಕಾಗಿತ್ತು. ಒಂದು ಎಂಜಿನ್ನಿಗೆ ಬೇಕಾದ ಲೋಹ 565 ಕಿಲೋಗ್ರಾಮು. ಇದರಲ್ಲಿ ಬಹುಪಾಲು ಚೂರಾಗಿ ಹೋಗುತ್ತಿತ್ತು.

ಹೊಸ ಕ್ರಮದಲ್ಲಿ ಕೊರೆಯುವ ಕೆಲಸವೇ ಇಲ್ಲವೆನ್ನಬಹುದು. ಹಿಟ್ಟಿನಷ್ಟು ನುಣುಪಾದ ಲೋಹದ ಪುಡಿಯನ್ನು ತೆಳುವಾದ ಪದರವಾಗಿ ಹರಡಿ, ಬೇಕಾದ ಜಾಗದಲ್ಲಿ ಮಾತ್ರ ಲೇಸರ್ ಕಿರಣದಿಂದ ಕರಗಿಸುತ್ತಾರೆ. ಅದರ ಮೇಲೆ ಮತ್ತೊಂದು ಪದರ, ಮತ್ತೆ ಲೇಸರ್. ರಂಗೋಲಿಯ ಮೇಲೆ ರಂಗೋಲಿ ಹಾಕುತ್ತ ಹೋಗಿ ಗೋಪುರ ಕಟ್ಟಿದಂತೆ, ಸಾವಿರಾರು ಪದರಗಳು ಸೇರಿ ಎಂಜಿನ್ನು ಮೇಲೇಳುತ್ತದೆ. ಇದಕ್ಕೆ ತ್ರೀ-ಡಿ ಮುದ್ರಣವೆಂದು ಹೆಸರು. ಈ ಕ್ರಮದಲ್ಲಿ ಬೆಂಗಳೂರಿನ ವಿಪ್ರೋ ತ್ರೀ-ಡಿ ಸಂಸ್ಥೆ ತಯಾರಿಸಿದ ಪಿಎಸ್4 ಎಂಜಿನ್ನನ್ನು 2024ರ ಮೇ 9ರಂದು ತಮಿಳುನಾಡಿನ ಮಹೇಂದ್ರಗಿರಿಯಲ್ಲಿ 665 ಸೆಕೆಂಡುಗಳ ಕಾಲ ಉರಿಸಿ ಪರೀಕ್ಷಿಸಲಾಯಿತು. ಹದಿನಾಲ್ಕು ತುಂಡುಗಳ ಬದಲು ಒಂದೇ ತುಂಡು. ಹತ್ತೊಂಬತ್ತು ಬೆಸುಗೆಗಳ ಬದಲು ಒಂದೂ ಇಲ್ಲ. 565 ಕಿಲೋಗ್ರಾಮಿನ ಬದಲು 13.7 ಕಿಲೋಗ್ರಾಮು ಪುಡಿ. ತಯಾರಿಕೆಯ ಕಾಲದಲ್ಲಿ ಶೇಕಡಾ 60ರಷ್ಟು ಉಳಿತಾಯ. ಇದೇ ಮೇ ತಿಂಗಳ 30ರಂದು ಚೆನ್ನೈಯ ಅಗ್ನಿಕುಲ್ ಎಂಬ ಖಾಸಗಿ ಸಂಸ್ಥೆ ಒಂದೇ ತುಂಡಾಗಿ ಮುದ್ರಿಸಿದ ಎಂಜಿನ್ನುಳ್ಳ ತನ್ನ ರಾಕೆಟ್ಟನ್ನು ಶ್ರೀಹರಿಕೋಟದಿಂದ ಹಾರಿಸಿತು.

ಬೆಸುಗೆಯೆಂಬುದು ಯಂತ್ರದ ದುರ್ಬಲ ಜಾಗ. ಹತ್ತೊಂಬತ್ತು ಬೆಸುಗೆಗಳೆಂದರೆ ಹತ್ತೊಂಬತ್ತು ಸಂದೇಹಗಳು, ಹತ್ತೊಂಬತ್ತು ಪರೀಕ್ಷೆಗಳು. ಅವು ಹೋದುದು ನಿಜ. ಆದರೆ ಹೊಸ ವಿಧಾನಕ್ಕೆ ಅದರದೇ ಆದ ಸಂದೇಹಗಳುಂಟು. ಪುಡಿಯ ಒಂದು ಕಣ ಸರಿಯಾಗಿ ಕರಗದಿದ್ದರೆ ಲೋಹದ ಒಳಗೆ ಸೂಕ್ಷ್ಮವಾದ ಗುಳ್ಳೆ ಉಳಿಯುತ್ತದೆ. ಆ ಗುಳ್ಳೆಯೇ ಮುಂದೆ ಬಿರುಕಿನ ಬೀಜವಾಗಬಹುದು. ಆದುದರಿಂದ ಕುಶಲಕರ್ಮಿಯ ಕೆಲಸ ಇಲ್ಲದಂತಾಗುವುದಿಲ್ಲ. ಬೆಸುಗೆಯ ಕೋಲು ಹಿಡಿದಿದ್ದ ಕೈ ಈಗ ಪುಡಿಯ ಗುಣವನ್ನೂ ಲೇಸರಿನ ವೇಗವನ್ನೂ ಹದದಲ್ಲಿಡಬೇಕಾಗಿದೆ.

ಹಾಸು ಮತ್ತು ಹೊಕ್ಕು

ಲೋಹದ ಜಾಗಕ್ಕೆ ಇಂದು ಮತ್ತೊಂದು ವಸ್ತು ಬಂದಿದೆ. ಅದನ್ನು ಅರಿಯಲು ಮೊಳಕಾಲ್ಮೂರಿನ ಮಗ್ಗದ ಮನೆಯೇ ತಕ್ಕ ಪಾಠಶಾಲೆ. ನೇಕಾರನು ಮಗ್ಗದ ಉದ್ದಕ್ಕೆ ಬಿಗಿದ ಎಳೆಗಳನ್ನು ಹಾಸು ಎನ್ನುತ್ತಾನೆ. ಲಾಳಿ ಅಡ್ಡಲಾಗಿ ಒಯ್ಯುವ ಎಳೆಗಳನ್ನು ಹೊಕ್ಕು ಎನ್ನುತ್ತಾನೆ. ಸೀರೆಯನ್ನು ಹಾಸಿನ ನೇರಕ್ಕೆ ಅಥವಾ ಹೊಕ್ಕಿನ ನೇರಕ್ಕೆ ಎಳೆದರೆ ಅದು ಜಗ್ಗುವುದಿಲ್ಲ. ಮೂಲೆಯಿಂದ ಮೂಲೆಗೆ ಎಳೆದರೆ ಜಗ್ಗುತ್ತದೆ. ಬಟ್ಟೆಯ ಬಲವೆಲ್ಲ ಎಳೆಯ ದಿಕ್ಕಿನಲ್ಲಿರುತ್ತದೆ.

ಇಂಗಾಲದ ನಾರುಗಳನ್ನು ಹೀಗೆಯೇ ಬಟ್ಟೆಯಾಗಿ ನೇಯ್ದು, ಅಂಟಿನಲ್ಲಿ ಅದ್ದಿ, ಪದರದ ಮೇಲೆ ಪದರ ಇಟ್ಟು ಕಾಯಿಸಿದರೆ ಅಲ್ಯೂಮಿನಿಯಮಿಗಿಂತ ಹಗುರವಾದ, ಉಕ್ಕಿನೊಡನೆ ಹೋಲಿಸಬಹುದಾದ ಬಲವುಳ್ಳ ಹಲಗೆ ಸಿದ್ಧವಾಗುತ್ತದೆ. ಬಲ ಬೇಕಾದ ದಿಕ್ಕಿಗೆ ಎಳೆಯನ್ನು ತಿರುಗಿಸುವುದೇ ಎಂಜಿನಿಯರನ ಜಾಣತನ: ಒಂದು ಪದರ ಉದ್ದಕ್ಕೆ, ಮತ್ತೊಂದು ಅಡ್ಡಕ್ಕೆ, ಇನ್ನೊಂದು ಮೂಲೆಯಿಂದ ಮೂಲೆಗೆ. ಇಂತಹ ಎರಡು ತೆಳುವಾದ ಹಲಗೆಗಳ ನಡುವೆ ಜೇನುಹುಟ್ಟಿನಂತಹ ಟೊಳ್ಳುಗೂಡುಗಳನ್ನಿಟ್ಟರೆ ತೂಕ ಹೆಚ್ಚದೆ ಬಿಗಿ ಹೆಚ್ಚುತ್ತದೆ. ಚಳ್ಳಕೆರೆಯಲ್ಲಿ ಇಳಿದ ವಾಹನದ ರೆಕ್ಕೆಗಳಲ್ಲಿಯೂ ಜೇನುಹುಟ್ಟಿನ ರಚನೆ ಇದೆ.

ಮೂರು ಬಂಡೆಗಳು

ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಇನ್ನೊಂದು ಪಾಠವೂ ಇದೆ. ಅಲ್ಲಿಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಸ್ಥಳಗಳ ಬಂಡೆಗಳ ಮೇಲೆ, ಕೆಲವೇ ಕಿಲೋಮೀಟರುಗಳ ಅಂತರದಲ್ಲಿ, ಅಶೋಕ ಚಕ್ರವರ್ತಿಯ ಒಂದೇ ಶಾಸನವನ್ನು ಕೊರೆಸಲಾಗಿದೆ. 1892ರಲ್ಲಿ ಬಿ. ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದರು. ಎರಡು ಸಾವಿರದ ಇನ್ನೂರು ವರ್ಷಗಳ ಬಿಸಿಲುಮಳೆಗೆ ಕೆಲವು ಅಕ್ಷರಗಳು ಅಳಿಸಿಹೋಗಿವೆ. ಆದರೆ ಮೂರೂ ಕಡೆ ಒಂದೇ ಅಕ್ಷರ ಅಳಿಸುವುದು ಅಪರೂಪ. ಒಂದರಲ್ಲಿ ಹೋದುದನ್ನು ಮತ್ತೊಂದರೊಡನೆ ಹೋಲಿಸಿ ಓದಬಹುದು.

ಉಪಗ್ರಹದ ಗಣಕಯಂತ್ರವೂ ಇದೇ ಉಪಾಯವನ್ನು ಅನುಸರಿಸುತ್ತದೆ. ಅಂತರಿಕ್ಷದಲ್ಲಿ ವಿಶ್ವಕಿರಣಗಳ ಒಂದು ಕಣವು ಗಣಕದ ಸ್ಮೃತಿಗೆ ತಾಗಿದರೆ ಅಲ್ಲಿಯ 0 ಎಂಬ ಅಂಕಿ 1 ಆಗಿಬಿಡಬಹುದು. ಹಿಂದೆ ಇದನ್ನು ತಡೆಯಲು ವಿಕಿರಣವನ್ನು ಸಹಿಸುವ ವಿಶೇಷ ಬಿಡಿಭಾಗಗಳನ್ನೇ ಬಳಸುತ್ತಿದ್ದರು. ಅವು ಬಹು ದುಬಾರಿ, ತಯಾರಾಗುವುದೂ ನಿಧಾನ. ವಾಣಿಜ್ಯ ಸಂಸ್ಥೆಗಳು ಅನೇಕ ಕಡೆ ಪೇಟೆಯಲ್ಲಿ ದೊರೆಯುವ ಸಾಮಾನ್ಯ ಬಿಡಿಭಾಗಗಳನ್ನು ಮೂರು ಮೂರಾಗಿ ಇಟ್ಟು, ಮೂವರೂ ಒಂದೇ ಲೆಕ್ಕವನ್ನು ಮಾಡುವಂತೆ ಏರ್ಪಡಿಸಿ, ಇಬ್ಬರು ಒಪ್ಪಿದ ಉತ್ತರವನ್ನು ಸ್ವೀಕರಿಸುತ್ತವೆ. 2017ರ ಫೆಬ್ರವರಿ 15ರಂದು ನಮ್ಮ ಪಿಎಸ್ಎಲ್‌ವಿ ಒಂದೇ ಹಾರಾಟದಲ್ಲಿ 104 ಉಪಗ್ರಹಗಳನ್ನು ಕಕ್ಷೆಗೆ ಸೇರಿಸಿತಷ್ಟೆ. ಅವುಗಳಲ್ಲಿ 88 ಒಂದೇ ಅಮೆರಿಕನ್ ಸಂಸ್ಥೆಯ ಪುಟ್ಟ ಉಪಗ್ರಹಗಳು. ಒಂದೆರಡು ಕೆಟ್ಟರೂ ಉಳಿದವು ಕೆಲಸ ಸಾಗಿಸುತ್ತವೆ ಎಂಬ ವಿಶ್ವಾಸವೇ ಇಂತಹ ಹಿಂಡಿನ ಆಧಾರ.

ಆದರೆ ಈ ಉಪಾಯಕ್ಕೂ ಮಿತಿಯುಂಟು. ಮೂರು ಬಂಡೆಗಳಿಗೂ ಒಂದೇ ಸಿಡಿಲು ಬಡಿದರೆ ಏನು ಗತಿ? 2022ರ ಆಗಸ್ಟ್ 7ರಂದು ಇಸ್ರೋದ ಹೊಸ ಸಣ್ಣ ರಾಕೆಟ್ಟಾದ ಎಸ್ಎಸ್ಎಲ್‌ವಿಯ ಮೊದಲ ಹಾರಾಟದಲ್ಲಿ ನಡೆದುದು ಹೆಚ್ಚುಕಡಮೆ ಇದೇ. ಎರಡನೆಯ ಹಂತ ಕಳಚಿಕೊಂಡಾಗ ಕ್ಷಣಕಾಲ ತೀವ್ರವಾದ ಅದಿರಾಟ ಉಂಟಾಯಿತು. ಅದರಿಂದ ವೇಗೋತ್ಕರ್ಷವನ್ನು ಅಳೆಯುವ ಸಂವೇದಕಗಳ ಅಳತೆ ಏರುಪೇರಾಯಿತು. ಅವು ಕೆಟ್ಟುಹೋಗಿವೆಯೆಂದು ಗಣಕವು ತೀರ್ಮಾನಿಸಿತು. ವಾಸ್ತವವಾಗಿ ಅವು ಕೆಟ್ಟಿರಲಿಲ್ಲ. 356 ಕಿಲೋಮೀಟರು ಎತ್ತರದ ದುಂಡನೆಯ ಕಕ್ಷೆಯ ಬದಲು, ಒಂದು ಕಡೆ 76 ಕಿಲೋಮೀಟರಿಗೆ ಇಳಿಯುವ ಕಕ್ಷೆ ಒದಗಿ ಉಪಗ್ರಹಗಳು ನಾಶವಾದವು. ಅವುಗಳಲ್ಲಿ ಒಂದು, ದೇಶದ ನಾನಾ ಭಾಗಗಳ ಸರ್ಕಾರಿ ಶಾಲೆಗಳ 750 ಮಂದಿ ವಿದ್ಯಾರ್ಥಿನಿಯರು ಕೈಗೂಡಿಸಿದ್ದ ಆಜಾದಿಸ್ಯಾಟ್. ಹಂತ ಕಳಚುವ ಏರ್ಪಾಟನ್ನು ಬದಲಿಸಿ, ಸಂವೇದಕ ಕೆಟ್ಟಿದೆಯೆಂದು ನಿರ್ಧರಿಸುವ ತರ್ಕವನ್ನು ತಿದ್ದಿದ ಬಳಿಕ 2023ರ ಫೆಬ್ರವರಿ 10ರ ಎರಡನೆಯ ಹಾರಾಟ ಯಶಸ್ವಿಯಾಯಿತು. ಆಜಾದಿಸ್ಯಾಟ್-2 ಕಕ್ಷೆಗೆ ಸೇರಿತು. ಅಗ್ಗವಾದ, ಚುರುಕಾದ ರಾಕೆಟ್ಟನ್ನು ಕಟ್ಟಹೊರಟವರು ನೆನಪಿಡಬೇಕಾದ ಮಾತಿದು: ಬಿಡಿಭಾಗಗಳು ಒಂದೊಂದಾಗಿ ಒಳ್ಳೆಯವಾಗಿದ್ದರೆ ಸಾಲದು, ಅವು ಕೂಡಿ ನಡೆಯಬೇಕು.

ಹೊಸ ಭಾಗಗಳನ್ನು ಅಂತರಿಕ್ಷದಲ್ಲಿಯೇ ಪರೀಕ್ಷಿಸುವ ಅಗ್ಗದ ದಾರಿಯನ್ನೂ ಇಸ್ರೋ ಕಂಡುಕೊಂಡಿದೆ. ಉಪಗ್ರಹವನ್ನು ಇಳಿಸಿದ ಮೇಲೆ ವ್ಯರ್ಥವಾಗಿ ಸುತ್ತುತ್ತಿದ್ದ ಪಿಎಸ್ಎಲ್‌ವಿಯ ನಾಲ್ಕನೆಯ ಹಂತವನ್ನೇ ಅದು ಪ್ರಯೋಗಶಾಲೆಯಾಗಿ ಮಾರ್ಪಡಿಸಿತು. 2024ರ ಜನವರಿ 1ರ ಹಾರಾಟದಲ್ಲಿ ಬೆಂಗಳೂರಿನ ಬೆಲಾಟ್ರಿಕ್ಸ್ ಸಂಸ್ಥೆ ತನ್ನ ಉಪಗ್ರಹ ನೂಕುಯಂತ್ರಗಳನ್ನು ಇದರ ಮೇಲೆಯೇ ಪರೀಕ್ಷಿಸಿತು. ಸಣ್ಣ ಸಂಸ್ಥೆಯೊಂದು ಸ್ವಂತ ಉಪಗ್ರಹವಿಲ್ಲದೆ ತನ್ನ ಬಿಡಿಭಾಗದ ಯೋಗ್ಯತೆಯನ್ನು ಸ್ಥಾಪಿಸುವುದು ಹೀಗೆ ಸಾಧ್ಯವಾಯಿತು.

ಕಾವಲಿನ ಬೆಲೆ

ಅಗ್ಗವೆಂಬ ಮಾತನ್ನು ಆಡುವಾಗ ನೆಲದ ಬೆಲೆಯನ್ನು ಮರೆಯಲಾಗದು. ಚಳ್ಳಕೆರೆಯ ಈ ಬಯಲುಗಳು ಅಮೃತಮಹಲ್ ಕಾವಲುಗಳು. ಮೈಸೂರು ಅರಸರ ಕಾಲದಿಂದ ಹೆಸರಾದ, ಹೈದರ್ ಮತ್ತು ಟಿಪ್ಪುವಿನ ಸೈನ್ಯದ ಬಂಡಿಗಳನ್ನು ಎಳೆದ ಅಮೃತಮಹಲ್ ರಾಸುಗಳಿಗಾಗಿ ಕಾದಿಟ್ಟ ಹುಲ್ಲುಗಾವಲುಗಳಿವು. ಸುತ್ತಲಿನ ಹಳ್ಳಿಗಳ ದನ, ಕುರಿಗಳು ಇಲ್ಲಿಯೇ ಮೇಯುತ್ತಿದ್ದವು. ಕಂಬಳಿಯ ಉಣ್ಣೆ ಇಲ್ಲಿಂದಲೇ ಬರುತ್ತಿತ್ತು. ರಕ್ಷಣಾ ಸಂಶೋಧನಾ ಸಂಸ್ಥೆಗೆ 4,290, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573 ಎಕರೆ, ಹೀಗೆ ಎಂಟು ಸಾವಿರಕ್ಕೂ ಮೀರಿದ ಎಕರೆಗಳು ಈ ಸಂಸ್ಥೆಗಳಿಗೆ ಹಂಚಿಕೆಯಾದವು. ಬೇಲಿಗಳು ಎದ್ದಾಗ ಹಳ್ಳಿಗರು ಪ್ರತಿಭಟಿಸಿದರು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು.

ಜನವಸತಿ ವಿರಳವಾದ ವಿಶಾಲ ಬಯಲು ಇಂತಹ ಪರೀಕ್ಷೆಗಳಿಗೆ ಬೇಕೇ ಬೇಕು. ಹಾಗೆಯೇ ಕುರಿಗೆ ಹುಲ್ಲೂ ಬೇಕು. ಎಂಜಿನಿಯರನ ಲೆಕ್ಕದ ಪುಸ್ತಕದಲ್ಲಿ ಲೋಹಕ್ಕೂ ಇಂಧನಕ್ಕೂ ಕಾಲವಿದೆ; ಹುಲ್ಲಿಗೂ ಒಂದು ಕಾಲವನ್ನು ಎಳೆಯಬೇಕು. ಒಂದು ವಾಹನವನ್ನು ಹತ್ತು ಸಲ ಬಳಸುವುದು ಮಿತವ್ಯಯವಾದರೆ, ಅದಕ್ಕಾಗಿ ಪಡೆದ ನೆಲವನ್ನು ವ್ಯರ್ಥವಾಗಿ ಬೇಲಿಯೊಳಗೆ ಕೆಡವದೆ ಇರುವುದೂ ಮಿತವ್ಯಯವೇ.

ಮುಂದಿರುವ ಕೆಲಸ

ಪುಷ್ಪಕವು ವ್ಯಾಪಾರಿ ಸಂಸ್ಥೆಯ ವಾಹನವಲ್ಲ, ಸರ್ಕಾರದ್ದು. ಆದರೂ ಅದು ಉತ್ತರಿಸಹೊರಟಿರುವ ಪ್ರಶ್ನೆಗಳು ವಾಣಿಜ್ಯ ಯುಗದವೇ. ಚಳ್ಳಕೆರೆಯ ಮೂರು ಇಳಿತಗಳಿಂದ ಕೆಲಸ ಮುಗಿಯಿತೆಂದೂ ತಿಳಿಯಬಾರದು. ಅವು ಹೆಲಿಕಾಪ್ಟರಿನಿಂದ ಬಂದ ಇಳಿತಗಳು, ಕಕ್ಷೆಯಿಂದ ಬಂದವಲ್ಲ. ಕಕ್ಷೆಯಲ್ಲಿರುವ ವಾಹನದ ವೇಗ ಗಂಟೆಗೆ ಸುಮಾರು 28,000 ಕಿಲೋಮೀಟರು. ಮತ್ತೆ ವರ್ಗದ ಲೆಕ್ಕ ಹಾಕಿದರೆ ಅದರ ಶಕ್ತಿ, 320 ಕಿಲೋಮೀಟರು ವೇಗದ ವಾಹನದ ಏಳು ಸಾವಿರದ ಐನೂರು ಪಟ್ಟಿಗೂ ಹೆಚ್ಚು. ಅಷ್ಟನ್ನೂ ಶಾಖವಾಗಿ ಕಳೆದುಕೊಂಡು, ಮೈ ಸುಡದೆ ಬರಬೇಕು. ಬಂದ ಮೇಲೆ ಮತ್ತೆ ಹೊರಡಬೇಕು. 2016ರ ಮೇ 23ರಂದು ಶ್ರೀಹರಿಕೋಟದಿಂದ ಹಾರಿದ ಇದರ ಪೂರ್ವಜ 65 ಕಿಲೋಮೀಟರು ಎತ್ತರಕ್ಕೆ ಏರಿ, ಶಬ್ದದ ಐದು ಪಟ್ಟು ವೇಗದಲ್ಲಿ ಇಳಿದು ಬಂಗಾಳ ಕೊಲ್ಲಿಗೆ ಸೇರಿತು. ಕಕ್ಷೆಯ ವೇಗವು ಅದರ ನಾಲ್ಕು ಪಟ್ಟಿಗಿಂತಲೂ ಹೆಚ್ಚು. ಕಕ್ಷೆಯಿಂದ ಮರಳುವ ವಾಹನವೇ ಮುಂದಿನ ಗುರಿಯೆಂದು ಇಸ್ರೋ ಸಾರಿದೆ.

ಈ ಗುರಿಯನ್ನು ಮುಟ್ಟುವುದಕ್ಕೆ ದೊಡ್ಡ ವಿಜ್ಞಾನಿಗಳು ಮಾತ್ರ ಸಾಲರು. ಲೋಹದ ಬಿರುಕನ್ನು ಪ್ರತಿಧ್ವನಿಯಿಂದ ಗುರುತಿಸುವವರು, ಪುಡಿಯ ಹದ ಬಲ್ಲವರು, ನಾರಿನ ಎಳೆಯನ್ನು ಸರಿಯಾದ ದಿಕ್ಕಿಗೆ ಇಡಬಲ್ಲವರು, ಸಂವೇದಕದ ಸುಳ್ಳನ್ನೂ ನಿಜವನ್ನೂ ಬೇರ್ಪಡಿಸುವ ತರ್ಕವನ್ನು ಬರೆಯಬಲ್ಲವರು ಸಾವಿರಾರು ಮಂದಿ ಬೇಕು. ಇವುಗಳಲ್ಲಿ ಅನೇಕ ಕೆಲಸಗಳನ್ನು ಪಾಲಿಟೆಕ್ನಿಕ್ಕಿನಲ್ಲಿಯೂ ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿಯೂ ಕಲಿಯತೊಡಗಬಹುದು. ಒಂದು ಭಾಗವನ್ನು ಮಾಡಿದವನು ‘ಇದು ಹಾರೀತೇ?’ ಎಂದು ಕೇಳಿಕೊಂಡು ನಿಲ್ಲುವ ಕಾಲ ಕಳೆಯಿತು. ಅದು ಮರಳಿ ಬಂದಾಗ ಅದನ್ನು ಕೈಗೆತ್ತಿಕೊಂಡು, ಅದರ ಗಾಯಗಳನ್ನು ಓದಿ, ಮತ್ತೆ ಕಳುಹಿಸಬಹುದೇ ಇಲ್ಲವೇ ಎಂದು ಧೈರ್ಯದಿಂದ ಹೇಳಬಲ್ಲವನಿಗೆ ಇನ್ನು ಮುಂದೆ ಕೆಲಸ.